ಎಸ್‌ಜಿಪಿಟಿ 86, ತೂಕ 41 ಕಿಲೊ: ಕೊಪ್ಪಳದ ಒಂದು ಪ್ರಕರಣ

ರೋಗಿ 29 ವರ್ಷದ ಗೃಹಿಣಿ, ಒಂದು ಹೆಣ್ಣುಮಗುವಿನ ತಾಯಿ. ತವರು ಕುಷ್ಟಗಿ ಕಡೆಯ ಮಳೆಯಾಶ್ರಿತ ಹಳ್ಳಿ, ಗಂಡನ ಮನೆ ಕೊಪ್ಪಳ. ಗಂಡ ಗಿಣಿಗೇರಾ ಕಡೆಯ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸಗಾರ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಆಕೆ ಬಂದದ್ದು ಲಿವರ್ ತೋರಿಸಲಿಕ್ಕೆ. ಒಂದು ವರ್ಷದಿಂದ ಸುಸ್ತು, ಕೂದಲು ಉದುರುವುದು, ಮುಟ್ಟಿನಲ್ಲಿ ಏರುಪೇರು, ನೆಲದಿಂದ ಏಳುವಾಗ ತೊಡೆಯಲ್ಲಿ ಬಲವಿಲ್ಲದಿರುವುದು. ಹೊಟ್ಟೆ ಆಗಾಗ ಉಬ್ಬುತ್ತಿತ್ತು, ಆದರೆ ಭೇದಿ ಇರಲಿಲ್ಲ. ಇದೆಲ್ಲ ಕೇಳಿದ ಮೇಲೆ ಹೇಳಿದ್ದು. ತಾವಾಗಿಯೇ ಮುಂದಿಟ್ಟದ್ದು ಒಂದು ಪ್ಲಾಸ್ಟಿಕ್ ಚೀಲದ ತುಂಬ ಲ್ಯಾಬ್ ಚೀಟಿಗಳನ್ನು.

ಎಂಟು ತಿಂಗಳ ಹಿಂದಿನ ಚೀಟಿಯಲ್ಲಿ ಯಕೃತ್ತಿನ ಕಿಣ್ವವಾದ ಎಸ್‌ಜಿಪಿಟಿ 72. ಅದನ್ನು ಕಂಡ ಮನೆಯವರು ಕಾಮಣಿ (ಕಾಮಾಲೆ) ಎಂದುಕೊಂಡು, ಹಳ್ಳಿಯೊಂದರಲ್ಲಿ ಬೆಳಗಿನ ಖಾಲಿ ಹೊಟ್ಟೆಗೆ ಕೊಡುವ ಗಿಡಮೂಲಿಕೆ ಔಷಧಿ ಕುಡಿಸಿದ್ದರು. ಜೊತೆಗೆ ಮನೆಯಲ್ಲೇ ಅಮೃತಬಳ್ಳಿ ಕಷಾಯ. ನಂತರ ಹೊಟ್ಟೆಯ ಸ್ಕ್ಯಾನಿಂಗ್ ಆಯಿತು, ವರದಿ ‘ಫ್ಯಾಟಿ ಲಿವರ್, ಗ್ರೇಡ್ ಒಂದು’ ಎಂದಿತು. ಅದರ ಮೇಲೆ ಸಿಕ್ಕ ಸಲಹೆ ಎಲ್ಲರಿಗೂ ಸಿಗುವಂಥದ್ದೇ: ಎಣ್ಣೆ-ತುಪ್ಪ ಬಿಡಿ, ಅನ್ನ ಕಡಿಮೆ ಮಾಡಿ, ಚಪಾತಿ ತಿನ್ನಿ.

ಮಾವನಿಗೆ ಸಕ್ಕರೆ ಕಾಯಿಲೆ. ಆ ಮನೆಯಲ್ಲಿ ಅದಾಗಲೇ ಎರಡು ಹೊತ್ತು ಚಪಾತಿ ನಡೆದಿತ್ತು. ಸೊಸೆಗೂ ಅದೇ ಆಯಿತು, ಬೆಳಗ್ಗೆ ಉಪ್ಪಿಟ್ಟು ಬೇರೆ. ತವರಲ್ಲಿ ಜೋಳದ ರೊಟ್ಟಿ ಉಂಡು ಬೆಳೆದ ಹೆಣ್ಣುಮಗಳು ಮದುವೆಯಾದ ಮೇಲೆ ದಿನಕ್ಕೆ ಮೂರು ಸಲ ಗೋಧಿ ತಿನ್ನುತ್ತಿದ್ದಳು.

ನಮ್ಮಲ್ಲಿಗೆ ಬಂದ ದಿನ ತೂಕ 41 ಕಿಲೊ, ಬಿಎಂಐ 17. ಕಣ್ಣಿನ ರೆಪ್ಪೆಯ ಒಳಭಾಗ ಬಿಳಿಚಿತ್ತು, ಕಣ್ಣು ಹಳದಿಯಾಗಿರಲಿಲ್ಲ. ಯಕೃತ್ತಾಗಲಿ ಗುಲ್ಮವಾಗಲಿ (ಸ್ಪ್ಲೀನ್) ಕೈಗೆ ಸಿಗಲಿಲ್ಲ. 41 ಕಿಲೊದ ಹೆಂಗಸಿಗೆ ‘ಫ್ಯಾಟಿ ಲಿವರ್, ತೂಕ ಇಳಿಸಿ’ ಎಂಬ ಛಾಪಾ ಹಾಳೆ ಕೊಟ್ಟು ಕಳಿಸಿದ್ದು ನನಗೆ ಇವತ್ತಿಗೂ ಅರಗದ ಸಂಗತಿ. ಕೊಬ್ಬು ಯಕೃತ್ತಿನಲ್ಲಿ ಇದ್ದಿರಬಹುದು. ತೀವ್ರ ಅಪೌಷ್ಟಿಕತೆಯಲ್ಲೂ ಅಲ್ಲಿ ಕೊಬ್ಬು ಶೇಖರವಾಗುತ್ತದೆ. ಸ್ಕ್ಯಾನಿಂಗ್ ಕೊಬ್ಬನ್ನು ತೋರಿಸಬಲ್ಲದು, ಅದು ಏಕೆ ಬಂತೆಂದು ಹೇಳಲಾರದು.

ಚೀಟಿಯ ಸಂಖ್ಯೆಗಳು

ಮೊದಲ ದಿನದ ರಕ್ತಪರೀಕ್ಷೆ ಹೀಗಿತ್ತು: ಎಸ್‌ಜಿಪಿಟಿ 86, ಎಸ್‌ಜಿಒಟಿ 71, ಬಿಲಿರುಬಿನ್ 0.7, ಆಲ್ಕಲೈನ್ ಫಾಸ್ಫಟೇಸ್ 212, ಜಿಜಿಟಿ 24, ಆಲ್ಬುಮಿನ್ 3.4, ಐಎನ್‌ಆರ್ 1.5. ಹಿಮೋಗ್ಲೋಬಿನ್ 8.1, ಕೆಂಪುಕಣದ ಗಾತ್ರ 68, ಪ್ಲೇಟ್‌ಲೆಟ್ 4.6 ಲಕ್ಷ.

ಎಸ್‌ಜಿಪಿಟಿ ಮತ್ತು ಎಸ್‌ಜಿಒಟಿ ಯಕೃತ್ತಿನ ಜೀವಕೋಶದ ಒಳಗಿರುವ ಕಿಣ್ವಗಳು. ಕೋಶಕ್ಕೆ ಪೆಟ್ಟು ಬಿದ್ದಾಗ ರಕ್ತಕ್ಕೆ ಸೋರುತ್ತವೆ. ಯಕೃತ್ತು ಎಷ್ಟು ಕೆಲಸ ಮಾಡುತ್ತಿದೆ ಎಂಬುದನ್ನು ಅವು ಹೇಳುವುದಿಲ್ಲ. ಅದನ್ನು ಹೇಳಬೇಕಾದವು ಯಕೃತ್ತು ತಯಾರಿಸುವ ಪ್ರೋಟೀನಾದ ಆಲ್ಬುಮಿನ್, ರಕ್ತ ಹೆಪ್ಪುಗಟ್ಟುವ ಹೊತ್ತನ್ನು ಅಳೆಯುವ ಐಎನ್‌ಆರ್, ಪಿತ್ತದ ಹಳದಿ ಬಣ್ಣವಾದ ಬಿಲಿರುಬಿನ್. ನಮ್ಮ ಕಡೆ ಎಸ್‌ಜಿಪಿಟಿ ಏರಿದರೆ ಕಾಮಣಿ ಎಂದುಬಿಡುವುದು ರೂಢಿ. ಕಾಮಣಿ ಎಂದರೆ ಬಿಲಿರುಬಿನ್ ಏರುವುದು, ಈಕೆಗೆ ಅದು 0.7. ಕಾಮಣಿಯೇ ಇಲ್ಲದವಳಿಗೆ ಕಾಮಣಿ ಔಷಧಿ ಕುಡಿಸಲಾಗಿತ್ತು.

ಲ್ಯಾಬಿನವರು 40ರವರೆಗೆ ಸರಿ ಎಂದು ಅಚ್ಚು ಹಾಕಿರುತ್ತಾರೆ. ಆರೋಗ್ಯವಂತ ಹೆಂಗಸರಲ್ಲಿ ಎಸ್‌ಜಿಪಿಟಿ 25ರೊಳಗೆ ಇರಬೇಕೆಂದು ಅಮೆರಿಕದ ಜಠರ-ಕರುಳು ತಜ್ಞರ ಕಾಲೇಜು 2017ರಲ್ಲೇ ಹೇಳಿದೆ. ಆ ಲೆಕ್ಕದಲ್ಲಿ 86 ಎಂದರೆ ಮೂರು ಪಟ್ಟಿಗೂ ಹೆಚ್ಚು. ‘ಸ್ವಲ್ಪ ಏರಿದೆ, ಏನೂ ಆಗಲ್ಲ’ ಎಂದು ತಳ್ಳಿಹಾಕುವ ಸಂಖ್ಯೆ ಇದಲ್ಲ. ಎರಡನೇ ಸಲವೂ ಏರಿಯೇ ಇದ್ದಾಗಲಂತೂ ಅಲ್ಲ.

ಇನ್ನು ಆಲ್ಕಲೈನ್ ಫಾಸ್ಫಟೇಸ್. ಇದು ಎರಡು ಮನೆಯ ನೆಂಟ. ಯಕೃತ್ತಿನ ಪಿತ್ತನಾಳದಿಂದಲೂ ಬರುತ್ತದೆ, ಎಲುಬಿನಿಂದಲೂ ಬರುತ್ತದೆ. ಪಿತ್ತನಾಳದ್ದಾದರೆ ಜಿಜಿಟಿ ಎಂಬ ಇನ್ನೊಂದು ಕಿಣ್ವವೂ ಜೊತೆಗೆ ಏರುತ್ತದೆ. ಇಲ್ಲಿ ಜಿಜಿಟಿ 24, ಅಂದರೆ ಎಲುಬಿನ ಕಡೆ ನೋಡಬೇಕು. ನೋಡಿದೆವು: ವಿಟಮಿನ್ ಡಿ 9, ಕ್ಯಾಲ್ಸಿಯಂ ಮತ್ತು ಫಾಸ್ಫರಸ್ ಎರಡೂ ಕಡಿಮೆ, ಪ್ಯಾರಾಥೈರಾಯ್ಡ್ ಹಾರ್ಮೋನು ಏರಿತ್ತು. ನೆಲದಿಂದ ಏಳಲು ತೊಡೆಗೆ ಬಲವಿಲ್ಲ ಎಂದದ್ದಕ್ಕೂ ಉತ್ತರ ಅಲ್ಲೇ ಇತ್ತು, ಎಲುಬು ಮೆದುವಾಗುವ ಆಸ್ಟಿಯೊಮಲೇಸಿಯ. ವರ್ಷದ ಹತ್ತು ತಿಂಗಳು ಬಿಸಿಲು ಬೀಳುವ ಕೊಪ್ಪಳದಲ್ಲಿ, ದಿನಾ ಮಾಳಿಗೆಯ ಮೇಲೆ ಬಟ್ಟೆ ಒಣಹಾಕುವವಳಿಗೆ ಡಿ ಇಷ್ಟು ತಳಕ್ಕೆ ಇಳಿಯಬೇಕಾದರೆ ಬೇರೆ ಕಾರಣವೂ ಇರಬೇಕು.

ಐಎನ್‌ಆರ್ 1.5 ಎಂಬುದು ಮೊದಲು ಹೆದರಿಸಿತು. ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ತಯಾರಿಸುವುದು ಯಕೃತ್ತು, ಆದರೆ ಅದಕ್ಕೆ ವಿಟಮಿನ್ ಕೆ ಬೇಕು, ಅದು ಕರುಳಿನಿಂದ ಹೀರಿಕೊಂಡು ಬರಬೇಕು. ತಯಾರಕನೇ ಸೋತಿದ್ದಾನೋ, ಸರಕು ಬರುತ್ತಿಲ್ಲವೋ ಎಂದು ತಿಳಿಯಲು ಹಳೆಯ, ಅಗ್ಗದ ಉಪಾಯವೊಂದಿದೆ. ವಿಟಮಿನ್ ಕೆ 10 ಮಿಲಿಗ್ರಾಂ ಇಂಜೆಕ್ಷನ್ ಕೊಟ್ಟು ಮರುದಿನ ನೋಡುವುದು. ಮರುದಿನ 1.1 ಬಂತು. ಯಕೃತ್ತಿಗೆ ಶಕ್ತಿಯಿದೆ, ಕರುಳು ಹೀರುತ್ತಿಲ್ಲ. ಪ್ಲೇಟ್‌ಲೆಟ್ ಕೂಡ ಅದನ್ನೇ ಹೇಳುತ್ತಿತ್ತು. ಯಕೃತ್ತು ಗಾಯಗಟ್ಟಿ ಗಡುಸಾಗುವ ಸಿರೋಸಿಸ್ ಆಗಿ ಗುಲ್ಮ ಊದಿದವರಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ, ಈಕೆಗೆ ಏರಿತ್ತು.

ಇಷ್ಟಾದರೂ ನಿಜವಾದ ಸುಳಿವು ಕೊಟ್ಟವರು ಸೂಕ್ಷ್ಮದರ್ಶಕದ ಮುಂದೆ ಕೂತ ಪೆಥಾಲಜಿ ವೈದ್ಯರು. ರಕ್ತದ ಲೇಪನದಲ್ಲಿ ಕೆಂಪುಕಣಗಳು ಸಣ್ಣವು, ಬಿಳಿಚಿದವು, ಕಬ್ಬಿಣದ ಕೊರತೆ. ಅದು ನಿರೀಕ್ಷಿತವೇ. ಅದರ ಜೊತೆಗೆ ‘ಹೋವೆಲ್-ಜಾಲಿ ಬಾಡಿ ಕಾಣುತ್ತಿವೆ, ಗುಲ್ಮ ತೆಗೆಸಿದ ಇತಿಹಾಸವಿದೆಯೇ?’ ಎಂದು ಷರಾ ಬರೆದಿದ್ದರು. ಹೋವೆಲ್-ಜಾಲಿ ಬಾಡಿ ಎಂದರೆ ಕೆಂಪುಕಣದಲ್ಲಿ ಉಳಿದ ಕೋಶಕೇಂದ್ರದ ಚೂರು, ಅದನ್ನು ಸೋಸಿ ತೆಗೆಯುವುದು ಗುಲ್ಮದ ಕೆಲಸ. ಗುಲ್ಮ ಇದ್ದೂ ಕೆಲಸ ಮಾಡದ ಸ್ಥಿತಿಗೆ ಕಾರಣಗಳು ಕೆಲವೇ. ಅವುಗಳಲ್ಲಿ ಗೋಧಿಯ ಗ್ಲುಟೆನ್ ಎಂಬ ಪ್ರೋಟೀನಿಗೆ ಸಣ್ಣಕರುಳು ಕೆರಳಿ ಸವೆಯುವ ಸೀಲಿಯಾಕ್ ಕಾಯಿಲೆಯೂ ಒಂದು. ಯಂತ್ರದ ಎಣಿಕೆಯನ್ನಷ್ಟೇ ನೆಚ್ಚಿಕೊಂಡಿದ್ದರೆ ಈ ಸಾಲು ಸಿಗುತ್ತಿರಲಿಲ್ಲ.

ಬೇರೆ ಕಾರಣಗಳನ್ನು ತಳ್ಳಿಹಾಕಿದ್ದು

ಸುಳಿವು ಸಿಕ್ಕಿತೆಂದು ಅದರ ಹಿಂದೆಯೇ ಓಡುವಂತಿಲ್ಲ. ಹೆಪಟೈಟಿಸ್ ಬಿ, ಸಿ ಎರಡೂ ನೆಗೆಟಿವ್. ವಯಸ್ಸು 40ರೊಳಗಾದ್ದರಿಂದ ಯಕೃತ್ತಿನಲ್ಲಿ ತಾಮ್ರ ಶೇಖರವಾಗುವ ವಿಲ್ಸನ್ ಕಾಯಿಲೆಗಾಗಿ ಸೆರುಲೋಪ್ಲಾಸ್ಮಿನ್ ನೋಡಿದೆವು, ಸರಿಯಿತ್ತು. ಸ್ನಾಯುವಿನಿಂದಲೂ ಈ ಕಿಣ್ವಗಳು ಬರುವುದುಂಟು, ಸ್ನಾಯುವಿನ ಪೆಟ್ಟನ್ನು ತೋರಿಸುವ ಸಿಪಿಕೆ ಸರಿಯಿತ್ತು. ಥೈರಾಯ್ಡ್ ಸರಿ. ದೇಹದ ರಕ್ಷಣಾ ವ್ಯವಸ್ಥೆಯೇ ಯಕೃತ್ತಿನ ಮೇಲೆ ಎರಗುವ ಆಟೊಇಮ್ಯೂನ್ ಹೆಪಟೈಟಿಸ್, ಪಿತ್ತನಾಳದ ಮೇಲೆ ಎರಗುವ ಪ್ರೈಮರಿ ಬಿಲಿಯರಿ ಕೊಲಾಂಜೈಟಿಸ್ ಇವೆರಡೂ ಸೀಲಿಯಾಕ್ ಜೊತೆ ಜೋಡಿಯಾಗಿ ಬರುವ ಕಾಯಿಲೆಗಳು, ಹಾಗಾಗಿ ಅವುಗಳ ಆ್ಯಂಟಿಬಾಡಿಗಳನ್ನೂ ಐಜಿಜಿ ಮಟ್ಟವನ್ನೂ ಬಿಡದೆ ನೋಡಿದೆವು. ಏನೂ ಇರಲಿಲ್ಲ.

ಗಿಡಮೂಲಿಕೆಯ ಪ್ರಶ್ನೆ ಅಷ್ಟು ಸುಲಭವಿರಲಿಲ್ಲ. ‘ಏನಾದರೂ ಔಷಧಿ ತಗೊಂಡಿದ್ದೀರಾ?’ ಎಂದರೆ ನಮ್ಮ ಜನ ಇಲ್ಲ ಎನ್ನುತ್ತಾರೆ. ಕಷಾಯ ಅವರ ಲೆಕ್ಕದಲ್ಲಿ ಔಷಧಿಯೇ ಅಲ್ಲ. ‘ಮನ್ಯಾಗ ಏನರ ಕುದಿಸಿ ಕುಡೀತೀರೇನು?’ ಎಂದು ಕೇಳಿದರೆ ಪಟ್ಟಿ ಬರುತ್ತದೆ. ಅಮೃತಬಳ್ಳಿ ಸೇವಿಸಿದವರಲ್ಲಿ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳನ್ನು ಕೊರೊನಾ ಕಾಲದಲ್ಲಿ ಮುಂಬೈನ ವೈದ್ಯರು ಕಂಡು 2021ರಲ್ಲಿ ಪ್ರಕಟಿಸಿದ್ದರು. ಅದರಲ್ಲೂ ಆಟೊಇಮ್ಯೂನ್ ಸ್ವಭಾವದವರಿಗೆ ಅದು ಒಳ್ಳೆಯದಲ್ಲ. ಎಲ್ಲವನ್ನೂ ನಿಲ್ಲಿಸಿದೆವು. ಆರು ವಾರದ ಮೇಲೆ ಎಸ್‌ಜಿಪಿಟಿ 84. ಮೊದಲ ಬಾರಿ 72 ಬಂದದ್ದು ಯಾವ ಔಷಧಿಯನ್ನೂ ಕುಡಿಯುವ ಮೊದಲೇ. ಮೂಲ ಕಾರಣ ಮೂಲಿಕೆಯಲ್ಲ.

ಈ ಆರು ವಾರ ಚಪಾತಿ ನಿಲ್ಲಿಸಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ. ಅನುಮಾನ ಬಂದ ಕೂಡಲೇ ‘ಗೋಧಿ ಬಿಟ್ಟು ನೋಡೋಣ’ ಎನ್ನುವವರು ಹೆಚ್ಚುತ್ತಿದ್ದಾರೆ. ಗೋಧಿ ಬಿಟ್ಟರೆ ಆ್ಯಂಟಿಬಾಡಿ ಇಳಿಯುತ್ತದೆ, ಕರುಳು ಮಾಯತೊಡಗುತ್ತದೆ, ಆಮೇಲೆ ಪರೀಕ್ಷೆ ಮಾಡಿದರೆ ಏನೂ ಸಿಗುವುದಿಲ್ಲ. ಜೀವನಪೂರ್ತಿ ಪಥ್ಯ ಮಾಡಬೇಕಾದವಳ ಕೈಯಲ್ಲಿ ಪುರಾವೆಯೇ ಇಲ್ಲದಂತಾಗುತ್ತದೆ.

ಸೀಲಿಯಾಕ್‌ನ ಆ್ಯಂಟಿಬಾಡಿಯನ್ನು ಅಳೆಯುವ ಟಿಟಿಜಿ ಐಜಿಎ ಪರೀಕ್ಷೆ ಲ್ಯಾಬಿನ ಮೇಲ್ಮಿತಿಗಿಂತ ಹತ್ತು ಪಟ್ಟಿಗೂ ಹೆಚ್ಚು ಬಂತು. ಒಟ್ಟು ಐಜಿಎಯೂ ಸರಿಯಿತ್ತು. ಸೀಲಿಯಾಕ್ ಇರುವವರಲ್ಲಿ ನೂರಕ್ಕೆ ಇಬ್ಬರು ಮೂವರಿಗೆ ಐಜಿಎ ಎಂಬ ಬಗೆಯ ಆ್ಯಂಟಿಬಾಡಿಯೇ ಇರುವುದಿಲ್ಲ, ಅಂಥವರಲ್ಲಿ ಟಿಟಿಜಿ ಸುಳ್ಳು ಸಮಾಧಾನ ಕೊಡುತ್ತದೆ. ಅದಕ್ಕೇ ಎರಡನ್ನೂ ಒಟ್ಟಿಗೆ ಕೇಳಬೇಕು. ಇದಕ್ಕೆ ತಿರುಗುಮುರುಗಾದ ಎಚ್ಚರವೂ ಬೇಕು: ಸಿರೋಸಿಸ್‌ನಂಥ ಬಲಿತ ಯಕೃತ್ ಕಾಯಿಲೆಯಲ್ಲಿ ಟಿಟಿಜಿ ಅಲ್ಪಸ್ವಲ್ಪ ಸುಳ್ಳೇ ಏರುವುದುಂಟು. ಹತ್ತು ಪಟ್ಟು ಏರಿಕೆ ಆ ಜಾತಿಯದಲ್ಲ.

ಎಂಡೋಸ್ಕೋಪಿ ಬಳ್ಳಾರಿಯಲ್ಲಿ ಆಯಿತು. ಸಣ್ಣಕರುಳಿನ ಮೊದಲ ಭಾಗದ ಮಡಿಕೆಗಳ ಅಂಚು ಕಚ್ಚುಕಚ್ಚಾಗಿ ಕಾಣುತ್ತಿತ್ತು. ಬಯಾಪ್ಸಿ ವರದಿ ಮಾರ್ಷ್ 3ಬಿ, ಅಂದರೆ ಆಹಾರ ಹೀರುವ ವಿಲ್ಲೈಗಳು ಸಾಕಷ್ಟು ಸವೆದಿವೆ. ದಕ್ಷಿಣ ಭಾರತದಲ್ಲಿ ಹೀಗೆ ಕಂಡಾಗ ಕರುಳಿನ ಹೀರಿಕೆಯನ್ನೇ ಕೆಡಿಸುವ ಟ್ರಾಪಿಕಲ್ ಸ್ಪ್ರೂ ಕಾಯಿಲೆ ಮತ್ತು ಜಿಯಾರ್ಡಿಯಾ ಎಂಬ ಪರೋಪಜೀವಿಯನ್ನೂ ನೆನೆಯಬೇಕು. ಬಯಾಪ್ಸಿಯಲ್ಲಿ ಪರೋಪಜೀವಿ ಇರಲಿಲ್ಲ, ಮತ್ತು ಸ್ಪ್ರೂನಲ್ಲಿ ಟಿಟಿಜಿ ಇಷ್ಟು ಏರುವುದಿಲ್ಲ. ಯಕೃತ್ತಿನ ಬಯಾಪ್ಸಿ ಮಾಡಿಸಲಿಲ್ಲ. ಪಥ್ಯಕ್ಕೆ ಜಗ್ಗದಿದ್ದರೆ ಮಾಡಿಸೋಣ ಎಂದು ಇಟ್ಟುಕೊಂಡೆವು.

ಕರುಳಿನ ಕಾಯಿಲೆ ಯಕೃತ್ತಿಗೆ ಹೇಗೆ?

ಕರುಳಿನಿಂದ ಹೊರಟ ರಕ್ತವೆಲ್ಲ ಪೋರ್ಟಲ್ ರಕ್ತನಾಳದ ಮೂಲಕ ಮೊದಲು ಹೋಗುವುದು ಯಕೃತ್ತಿಗೇ. ಗೋಧಿಯ ಗ್ಲುಟೆನ್‌ಗೆ ಕೆರಳಿದ ಕರುಳಿನ ಪದರ ಸಡಿಲವಾದಾಗ, ಒಳಗೇ ಇರಬೇಕಾದ ಬ್ಯಾಕ್ಟೀರಿಯಾ ಅಂಶಗಳು, ಉರಿಯೂತದ ರಾಸಾಯನಿಕಗಳು ಆ ದಾರಿಯಲ್ಲಿ ಸಾಗಿ ಯಕೃತ್ತಿನ ಕೋಶಗಳನ್ನು ಕೆಣಕುತ್ತವೆ. ದೇಹ ಯಾವುದರ ವಿರುದ್ಧ ಆ್ಯಂಟಿಬಾಡಿ ತಯಾರಿಸುತ್ತದೋ ಆ ಟ್ರಾನ್ಸ್‌ಗ್ಲುಟಮಿನೇಸ್ (ಟಿಟಿಜಿ) ಕಿಣ್ವ ಯಕೃತ್ತಿನಲ್ಲೂ ಇದೆ. ಆ್ಯಂಟಿಬಾಡಿ ಅಲ್ಲಿಯೂ ಅಂಟಿಕೊಂಡಿರುವುದನ್ನು ಕಂಡಿದ್ದಾರೆ.

ಚಿಕಿತ್ಸೆ ಆರಂಭಿಸದ ಸೀಲಿಯಾಕ್ ರೋಗಿಗಳಲ್ಲಿ ಶೇಕಡ 27ರಿಂದ 40ರಷ್ಟು ಮಂದಿಗೆ ಈ ಕಿಣ್ವಗಳು ಏರಿರುತ್ತವೆ, ಸಾಮಾನ್ಯವಾಗಿ ಐದು ಪಟ್ಟಿನೊಳಗೆ. ತಿರುಗಿಸಿ ನೋಡಿದರೆ, ಕಾರಣವೇ ತಿಳಿಯದೆ ಕಿಣ್ವ ಏರಿದವರಲ್ಲಿ ಶೇಕಡ 4ರಿಂದ 9ರಷ್ಟು ಮಂದಿಗೆ ಸೀಲಿಯಾಕ್ ಸಿಕ್ಕಿದೆ. ಫಿನ್‌ಲ್ಯಾಂಡಿನ ವೈದ್ಯರು 2002ರಲ್ಲಿ ವರದಿ ಮಾಡಿದ ಕೆಲವರ ಯಕೃತ್ತು ಕಸಿಯ ಯೋಚನೆ ಮಾಡುವಷ್ಟು ಕೆಟ್ಟಿತ್ತು. ಗ್ಲುಟೆನ್ ಬಿಟ್ಟ ಮೇಲೆ ಅದೂ ಚೇತರಿಸಿಕೊಂಡಿತು.

ಆದರೂ ನಮ್ಮ ಭಾಗದಲ್ಲಿ ಈ ಪರೀಕ್ಷೆ ಬರೆಯುವವರು ಕಡಿಮೆ. ‘ಅದು ಪಂಜಾಬಿನವರ ಕಾಯಿಲೆ’ ಎಂಬ ಮಾತು ವೈದ್ಯರ ನಡುವೆಯೇ ಇದೆ. ಮಾತು ಪೂರ್ತಿ ಸುಳ್ಳಲ್ಲ. 2016ರಲ್ಲಿ ಪ್ರಕಟವಾದ ದೇಶದ ಮೂರು ಭಾಗಗಳ ಸಮೀಕ್ಷೆಯಲ್ಲಿ ಉತ್ತರದಲ್ಲಿ ಶೇಕಡ 1.23, ಈಶಾನ್ಯದಲ್ಲಿ 0.87, ದಕ್ಷಿಣದಲ್ಲಿ 0.10 ಮಂದಿಗೆ ಸೀಲಿಯಾಕ್ ಇತ್ತು. ಆದರೆ ಕಾಯಿಲೆಗೆ ಬೇಕಾದ ಜೀನು ಮೂರೂ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿತ್ತು. ದೊಡ್ಡ ವ್ಯತ್ಯಾಸ ಇದ್ದದ್ದು ಗೋಧಿಯಲ್ಲಿ: ಉತ್ತರದವರು ತಿನ್ನುತ್ತಿದ್ದದ್ದರ ಸಣ್ಣ ಪಾಲನ್ನಷ್ಟೇ ದಕ್ಷಿಣದವರು ತಿನ್ನುತ್ತಿದ್ದರು. ನನ್ನ ಓದು ಇದು: ಜೋಳ ಮತ್ತು ಅಕ್ಕಿ ನಮ್ಮವರನ್ನು ಕಾಪಾಡಿರುವ ಸಾಧ್ಯತೆ ಇದೆ. ಸಕ್ಕರೆ ಕಾಯಿಲೆ, ಬೊಜ್ಜು, ಫ್ಯಾಟಿ ಲಿವರ್ ಎಂದು ಎಲ್ಲದಕ್ಕೂ ಚಪಾತಿ ಬರೆದುಕೊಡುವ ಕಾಲದಲ್ಲಿ ಆ ಕಾವಲು ಎಷ್ಟು ದಿನ ಇರುತ್ತದೆ ಎಂದು ಯೋಚಿಸಬೇಕು.

ಪಥ್ಯ, ಗಿರಣಿ, ಮಾದಲಿ

ಅತ್ತೆಗೆ ಒಪ್ಪಿಸುವುದೇ ಕಷ್ಟದ ಕೆಲಸವಾಯಿತು. ‘ಗೋಧಿ ಅಂದ್ರ ಶಕ್ತಿ ಅಲ್ಲೇನ್ರಿ ಸರ? ಮೊದಲ ಮೈಯಾಗ ಏನಿಲ್ಲ ಆಕಿಗೆ, ಚಪಾತಿನೂ ಬಿಡಿಸಿದ್ರ ಹೆಂಗ್ರಿ?’ ಎಂದು ಕೇಳಿದರು. ‘ಯಮ್ಮಾ, ನಿಮ್ಮ ಕಾಲದಾಗ ದಿನಾ ಚಪಾತಿ ಮಾಡ್ತಿದ್ರೇನು?’ ಎಂದೆ. ‘ಹಬ್ಬಕ್ಕ ಮಾಡ್ತಿದ್ವಿ ನೋಡ್ರಿ’ ಎಂದು ನಕ್ಕರು. ಉತ್ತರ ಭಾರತದ ರೋಗಿಯೊಬ್ಬನಿಗೆ ಗೋಧಿ ಬಿಡಿಸುವುದೆಂದರೆ ಊಟವನ್ನೇ ಕಿತ್ತುಕೊಂಡಂತೆ. ಇಲ್ಲಿ ಜೋಳ, ಸಜ್ಜೆ, ನವಣೆ, ರಾಗಿ, ಅಕ್ಕಿ, ಕಡಲೆಹಿಟ್ಟು ಎಲ್ಲವೂ ತಿನ್ನಬಹುದಾದವು. ಬಿಡಬೇಕಾದವು ಗೋಧಿ, ಜವೆಗೋಧಿ (ಬಾರ್ಲಿ) ಮತ್ತು ಅವುಗಳ ವೇಷಗಳು: ರವೆ, ಮೈದಾ, ಶಾವಿಗೆ, ಬ್ರೆಡ್ಡು, ಬಿಸ್ಕಿಟ್ಟು, ಬೇಕರಿಯ ಖಾರಾ. ಉಪ್ಪಿಟ್ಟು ಗೋಧಿಯದು ಎಂಬುದು ಎಷ್ಟೋ ಜನಕ್ಕೆ ಹೊಳೆಯುವುದೇ ಇಲ್ಲ.

ಗೋಧಿ ಬಿಡಿಸುವುದರ ಜೊತೆಗೇ ಕೊರತೆಗಳನ್ನೂ ತುಂಬಿಸಿದೆವು. ಕಬ್ಬಿಣದ ಮಾತ್ರೆ ಆಕೆ ಗರ್ಭಿಣಿಯಾಗಿದ್ದಾಗಿನಿಂದ ನುಂಗುತ್ತಲೇ ಇದ್ದಳು, ಕರುಳು ಹೀರುತ್ತಿರಲಿಲ್ಲ. ನರದ ಮೂಲಕ ಐರನ್ ಸುಕ್ರೋಸ್ ಕೊಟ್ಟೆವು. ಒಂದೇ ಸಲಕ್ಕೆ ಮುಗಿಯುವ ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಅನುಕೂಲವಾಗಿತ್ತು, ಆದರೆ ಅದು ಫಾಸ್ಫರಸ್ ಇಳಿಸುತ್ತದೆ. ಫಾಸ್ಫರಸ್ ಮೊದಲೇ ಕಡಿಮೆಯಿದ್ದ ಎಲುಬಿಗೆ ಅದು ಬೇಡವೆನಿಸಿತು. ವಿಟಮಿನ್ ಡಿ, ಕ್ಯಾಲ್ಸಿಯಂ, ಫೋಲಿಕ್ ಆ್ಯಸಿಡ್ ಕೊಟ್ಟೆವು. ಗುಲ್ಮ ಮಂಕಾಗಿದ್ದರಿಂದ ನ್ಯೂಮೊಕಾಕಸ್ ಲಸಿಕೆ, ಜೊತೆಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿದೆವು. ಸೀಲಿಯಾಕ್ ಇರುವವರಲ್ಲಿ ಹೆಪಟೈಟಿಸ್ ಬಿ ಲಸಿಕೆ ಕೆಲವೊಮ್ಮೆ ಸರಿಯಾಗಿ ಹಿಡಿಯುವುದಿಲ್ಲ, ಆದ್ದರಿಂದ ಮುಗಿದ ಮೇಲೆ ಆ್ಯಂಟಿಬಾಡಿ ಮಟ್ಟ ನೋಡಬೇಕು.

‘ಲಿವರ್ ಟಾನಿಕ್ ಬರೀರಿ ಸರ’ ಎಂದು ಗಂಡ ಕೇಳಿದ. ಬರೆಯಲಿಲ್ಲ.

ಮೂರನೇ ತಿಂಗಳಿಗೆ ಎಸ್‌ಜಿಪಿಟಿ 55, ತೂಕ 44. ಆಲ್ಕಲೈನ್ ಫಾಸ್ಫಟೇಸ್ ಮಾತ್ರ 212ರಿಂದ 238ಕ್ಕೆ ಏರಿತ್ತು. ಲಿವರ್ ಕೆಡುತ್ತಿದೆ ಎಂದು ಅವರು ಗಾಬರಿಯಾಗಿ ಬಂದರು. ಎಲುಬು ಮತ್ತೆ ಕಟ್ಟಿಕೊಳ್ಳುವಾಗ ಮೊದಮೊದಲು ಹೀಗೆ ಏರುವುದು ಸಹಜ, ಜಿಜಿಟಿ ಕದಲಿರಲಿಲ್ಲ.

ಆರನೇ ತಿಂಗಳಿಗೆ ಎಸ್‌ಜಿಪಿಟಿ 51ರಲ್ಲೇ ನಿಂತಿತ್ತು. ಟಿಟಿಜಿ ಇಳಿದಿತ್ತು, ಬೇಕಾದಷ್ಟಲ್ಲ. ಇಂಥ ಹೊತ್ತಿನಲ್ಲಿ ರೋಗಿಯನ್ನು ‘ಕದ್ದು ತಿನ್ನುತ್ತೀಯಾ?’ ಎನ್ನುವುದು ಸುಲಭ. ಆಕೆ ತಿನ್ನುತ್ತಿರಲಿಲ್ಲ. ಅಡುಗೆಮನೆಯ ಒಂದೊಂದೇ ಡಬ್ಬಿಯ ಬಗ್ಗೆ ಕೇಳುತ್ತಾ ಹೋದೆವು. ಸಾರಿನ ಒಗ್ಗರಣೆಯ ಇಂಗು: ಡಬ್ಬಿಯ ಇಂಗಿನಲ್ಲಿ ಬಹುಪಾಲು ಗೋಧಿಹಿಟ್ಟೋ ಮೈದಾವೋ ಬೆರೆತಿರುತ್ತದೆ, ಲೇಬಲ್ಲಿನಲ್ಲೇ ಬರೆದಿರುತ್ತಾರೆ. ಆಮೇಲೆ ಗಿರಣಿ. ಮಾವನ ಗೋಧಿಯನ್ನೂ ಸೊಸೆಯ ಜೋಳವನ್ನೂ ಒಂದೇ ಗಿರಣಿಗೆ, ಒಂದೇ ಸೈಕಲ್ಲಿನ ಮೇಲೆ ಒಯ್ಯುತ್ತಿದ್ದರು. ಗೋಧಿ ಬೀಸಿದ ಕಲ್ಲಿನ ಸಂದಿಯಲ್ಲಿ, ಹಿಟ್ಟು ಇಳಿಯುವ ಬಟ್ಟೆಯ ಚೀಲದಲ್ಲಿ ಉಳಿದ ಹಿಟ್ಟು ಮುಂದಿನ ಜೋಳಕ್ಕೆ ಸೇರುತ್ತದೆ. ಗ್ಲುಟೆನ್‌ರಹಿತ ಎಂದು ಮಾರಬೇಕಾದರೆ ಕಿಲೊಗೆ 20 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ. ಒಂದು ಹಿಡಿ ಗೋಧಿಹಿಟ್ಟು ಬೆರೆತರೂ ಆ ಮಿತಿ ಎಲ್ಲೋ ಹಿಂದೆ ಉಳಿಯುತ್ತದೆ.

ಗಿರಣಿಯವರಿಗೆ ಹೇಳಿ ನೋಡಿದರು. ಬೆಳಗ್ಗೆ ಮೊದಲ ಪಾಳಿ ಕೊಡಲು ಒಪ್ಪಿದರು, ಆದರೆ ಹಿಂದಿನ ರಾತ್ರಿಯ ಹಿಟ್ಟು ಅಲ್ಲೇ ಇರುತ್ತದಲ್ಲ. ಕೊನೆಗೆ ಮಹಿಳಾ ಸಂಘದ ಸಾಲದಲ್ಲಿ ಮನೆಗೊಂದು ಸಣ್ಣ ಹಿಟ್ಟಿನ ಗಿರಣಿ ಬಂತು. ಅದರಲ್ಲಿ ಗೋಧಿ ಬೀಸುವಂತಿಲ್ಲ ಎಂದು ಮನೆಯವರೇ ಕಟ್ಟಪ್ಪಣೆ ಮಾಡಿಕೊಂಡರು. ಗೋಧಿಗೆ ಬೇರೆ ಓಣಿಗೆ ಹೋಗಬೇಕಾದ್ದರಿಂದ ಮಾವನೂ ವಾರದ ಬಹುಪಾಲು ದಿನ ರೊಟ್ಟಿಗೆ ತಿರುಗಿದರು. ಅವರ ಸಕ್ಕರೆಗೆ ಇದರಿಂದ ತೊಂದರೆಯಾಗಿಲ್ಲ.

ಜನವರಿ ಹೊತ್ತಿಗೆ ಗವಿಮಠದ ಜಾತ್ರೆ ಬಂತು. ಅಲ್ಲಿನ ದಾಸೋಹದ ಮಾದಲಿ ಗೋಧಿಯದು. ‘ಅಜ್ಜನ ಪ್ರಸಾದ, ಒಂದು ತುತ್ತು ತಿಂದ್ರ ನಡೀತೈತೇನ್ರಿ?’ ಎಂದು ಫೋನಿನಲ್ಲಿ ಕೇಳಿದಳು. ನಡೆಯುವುದಿಲ್ಲ ಎಂದೆ. ಅದೇ ದಾಸೋಹದಲ್ಲಿ ಜೋಳದ ರೊಟ್ಟಿಯೂ ಇರುತ್ತದೆ, ಊರೂರಿನಿಂದ ಭಕ್ತರೇ ಮಾಡಿ ತರುವಂಥದ್ದು. ಆದರೆ ಯಾವ ಗಿರಣಿಯ ಹಿಟ್ಟೋ ಯಾರಿಗೆ ಗೊತ್ತು. ಅನ್ನ-ಸಾರು ಉಂಡು ಬಂದಳಂತೆ. ಸಾರಿನ ಇಂಗಿನ ಬಗ್ಗೆ ನಾನು ಕೇಳಲಿಲ್ಲ.

ಹನ್ನೆರಡನೇ ತಿಂಗಳ ಚೀಟಿ: ಎಸ್‌ಜಿಪಿಟಿ 24, ಎಸ್‌ಜಿಒಟಿ 26, ಆಲ್ಕಲೈನ್ ಫಾಸ್ಫಟೇಸ್ 118, ಆಲ್ಬುಮಿನ್ 4.1, ಹಿಮೋಗ್ಲೋಬಿನ್ 11.9, ತೂಕ 48. ಟಿಟಿಜಿ ಇನ್ನೂ ಮಿತಿಗಿಂತ ತುಸು ಮೇಲಿದೆ. ಅದು ಪೂರ್ತಿ ಇಳಿಯಲು ಎರಡು ವರ್ಷವೂ ಹಿಡಿಯಬಹುದು. ಮಗಳ ಟಿಟಿಜಿ ನೆಗೆಟಿವ್ ಬಂದಿದೆ, ಎರಡು ಮೂರು ವರ್ಷಕ್ಕೊಮ್ಮೆ ಮತ್ತೆ ನೋಡಬೇಕು. ಒಡಹುಟ್ಟಿದವರಲ್ಲಿ ಈ ಕಾಯಿಲೆಯ ಸಾಧ್ಯತೆ ಬೇರೆಯವರಿಗಿಂತ ಹೆಚ್ಚು ಎಂದು ಹೇಳಿ ಕಳಿಸಿದರೂ ತವರಿನ ತಮ್ಮ ‘ನನಗೇನಾಗೇತಿ’ ಎನ್ನುತ್ತ ಪರೀಕ್ಷೆಗೆ ಬಂದಿಲ್ಲ. ಅವನಿಗೂ ರಕ್ತ ಕಡಿಮೆಯಂತೆ.

ಇನ್ನು ಆರು ತಿಂಗಳಿಗೊಮ್ಮೆ ಎಸ್‌ಜಿಪಿಟಿ, ವರ್ಷಕ್ಕೊಮ್ಮೆ ಟಿಟಿಜಿ, ಥೈರಾಯ್ಡ್ ಮತ್ತು ವಿಟಮಿನ್ ಡಿ. ಮುಂದೆ ಎಸ್‌ಜಿಪಿಟಿ ಮತ್ತೆ ಏರಿ ಟಿಟಿಜಿಯೂ ಜೊತೆಗೆ ಏರಿದರೆ ಅಡುಗೆಮನೆಯನ್ನು ಮತ್ತೆ ಜಾಲಾಡುತ್ತೇವೆ. ಟಿಟಿಜಿ ಕೆಳಗಿದ್ದು ಎಸ್‌ಜಿಪಿಟಿ ಮಾತ್ರ ಏರಿದರೆ ಗೋಧಿಯ ಮಾತು ಬಿಟ್ಟು, ಆಟೊಇಮ್ಯೂನ್ ಹೆಪಟೈಟಿಸ್‌ನ ಆ್ಯಂಟಿಬಾಡಿಗಳನ್ನು ಹೊಸದಾಗಿ ಕಳಿಸಿ, ಮುಂದೂಡಿದ ಆ ಯಕೃತ್ತಿನ ಬಯಾಪ್ಸಿಗೆ ದಿನ ಗೊತ್ತುಮಾಡುತ್ತೇವೆ.